ಇಂಚಿಂಚಿನ ಲೆಕ್ಕ: ಹಳೆಯ ಜೆಟ್ ವಿಮಾನಗಳ ಸೀಟಿನ ಸಾಲು

ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಬಾಗಿಲು ತೆರೆದಾಗ ಬೆಂಗಳೂರಿನಿಂದ ಬಂದಿಳಿದದ್ದು ಸ್ಟಾರ್ ಏರ್ ಸಂಸ್ಥೆಯ ಎಂಬ್ರಾಯರ್ 145 ಜೆಟ್. ಐವತ್ತು ಸೀಟಿನ ಪುಟ್ಟ ವಿಮಾನ. ನಡುದಾರಿಯ ಒಂದು ಬದಿಗೆ ಒಂದೊಂದೇ ಸೀಟು, ಇನ್ನೊಂದು ಬದಿಗೆ ಎರಡೆರಡು. ಒಳಗಿನ ಎತ್ತರ ಆರಡಿ. ಎತ್ತರದ ಆಳು ತಲೆ ಬಾಗಿಸಿಯೇ ನಡೆಯಬೇಕು. ಸಿಂದಗಿಯಿಂದ ಹೊರಟು ಜೇವರ್ಗಿ ದಾಟಿದರೆ ಕಲಬುರಗಿ. ಹಾಗಾಗಿ ನಮ್ಮ ಸೀಮೆಯ ಕೆಲವರು ಜೀವನದಲ್ಲಿ ಮೊದಲ ಸಲ ವಿಮಾನದಲ್ಲಿ ಕುಳಿತದ್ದು ಈ ಒಂದು–ಎರಡರ ಸಾಲಿನಲ್ಲೇ. ಒಂಟಿ ಸೀಟು ಸಿಕ್ಕವರು ಬಂದು ಖುಷಿಯಿಂದ ಹೇಳುತ್ತಿದ್ದರು: ಕಿಟಕಿಯೂ ಅವರದೇ, ದಾರಿಯೂ ಅವರದೇ.

ಈ ಜೋಡಣೆ ಹೊಸದಲ್ಲ. 1935ರಲ್ಲಿ ಮೊದಲು ಹಾರಿದ ಡಕೋಟಾ ವಿಮಾನದಲ್ಲೂ ಒಂದು ಬದಿಗೆ ಒಂದು, ಇನ್ನೊಂದು ಬದಿಗೆ ಎರಡು ಸೀಟು ಇಟ್ಟು ಏಳು ಸಾಲಿಗೆ ಇಪ್ಪತ್ತೊಂದು ಮಂದಿಯನ್ನು ಕೂರಿಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಡಕೋಟಾಗಳನ್ನು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ದುರಸ್ತಿ ಮಾಡಿ ಪ್ರಯಾಣಿಕರಿಗೆ ಸಜ್ಜುಗೊಳಿಸುತ್ತಿದ್ದರು. ಅದೇ ಎಚ್‌ಎಎಲ್ ರೈಲು ಬೋಗಿಗಳನ್ನೂ ಕಟ್ಟುತ್ತಿತ್ತು. ಆ ವಿಭಾಗ ಮುಂದೆ, 1964ರಲ್ಲಿ ಹುಟ್ಟಿದ ಬಿಇಎಂಎಲ್‌ಗೆ ಸೇರಿತು. ವಿಮಾನದ ಸೀಟಿಗೂ ರೈಲಿನ ಸೀಟಿಗೂ ಕರ್ನಾಟಕದಲ್ಲಿ ಒಂದು ಕಾಲಕ್ಕೆ ಒಂದೇ ಅಂಗಳವಿತ್ತು ಎನ್ನುವುದು ನನ್ನಂಥವನಿಗೆ ಹೆಮ್ಮೆಯ ಮಾತು.

ನನ್ನಂಥವನು ಅಂದರೆ ಸೀಟಿನ ಕೆಲಸದವನು. ಇಂಡಿ ಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರ ಅಪ್ಪ ಟಾಂಗಾ, ಟೆಂಪೊ, ಲಾರಿಗಳ ಗಾದಿ ಹೊಲಿಯುತ್ತಿದ್ದ. ದಬ್ಬಣ ಹಿಡಿಯುವುದನ್ನು ಅಲ್ಲೇ ಕಲಿತೆ. ಎಪ್ಪತ್ತರ ದಶಕದಲ್ಲಿ ಮೀಟರ್‌ಗೇಜ್ ಗಾಡಿ ಹತ್ತಿ, ಸೋಲಾಪುರದಲ್ಲಿ ಇಳಿದು ಬೇರೆ ಗಾಡಿ ಹಿಡಿದು ಮುಂಬಯಿಗೆ ಹೋದೆ. ನಮ್ಮೂರ ಕಡೆಯ ಹಿರಿಯರೊಬ್ಬರ ಕೈಹಿಡಿದು ಸಾಂತಾಕ್ರೂಜ್ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿದ್ದ ಸೀಟು ಶಾಪ್ ಸೇರಿದೆ. ನಿವೃತ್ತಿಯ ತನಕ ಅದೇ ಕೆಲಸ: ಹರಿದ ಕವರು ಬಿಚ್ಚುವುದು, ಸತ್ತ ಫೋಮು ಬದಲಿಸುವುದು, ಬೆಲ್ಟಿನ ಬಕಲ್ ನೋಡುವುದು, ಸೀಟಿನ ಸಾಲನ್ನು ಕಿತ್ತು ಮತ್ತೆ ಕೂರಿಸುವುದು. ಈಗ ಇಂಡಿಯಲ್ಲೇ ಇದ್ದೇನೆ.

ಊರಿಗೆ ಬಂದ ಮೇಲೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ, ಮುಗಿಯಲಿಲ್ಲ. ಮುದ್ದೇಬಿಹಾಳದಿಂದ ಹಜ್‌ಗೆ ಹೊರಟವರು, ಸಿಂದಗಿಯಿಂದ ದುಬೈಗೆ ಕೆಲಸಕ್ಕೆ ಹೊರಟ ಹುಡುಗರು, ಬಸವನ ಬಾಗೇವಾಡಿಯಿಂದ ಅಮೆರಿಕದ ಮಗಳ ಬಾಣಂತನಕ್ಕೆ ಹೊರಟ ತಾಯಂದಿರು ಯಾರದೋ ಮಾತು ಕೇಳಿ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಮೊಬೈಲಿನಲ್ಲಿ ಬಣ್ಣಬಣ್ಣದ ಚೌಕಗಳ ನಕ್ಷೆ ತೋರಿಸಿ ಹುಡುಗರು ಕೇಳುತ್ತಾರೆ:

"ಕಾಕಾ, ಕಿಡಕಿ ಕಡಿಂದು ಹಿಡೀಲೋ, ದಾರಿ ಕಡಿಂದು ಹಿಡೀಲೋ?"

ತಾಯಂದಿರ ಪ್ರಶ್ನೆ ಬೇರೆ. "ಯಪ್ಪಾ, ಕಾಲ ಚಾಚಾಕ ಜಾಗಾ ಇರತೈತೋ ಇಲ್ಲೋ?"

ಎರಡಕ್ಕೂ ಉತ್ತರ ಕೊಡಬೇಕಾದರೆ ಹಳೆಯ ವಿಮಾನಗಳಿಂದಲೇ ಶುರು ಮಾಡಬೇಕು. ಇಂದಿನ ಸೀಟಿನ ನಕ್ಷೆಯನ್ನು ಎಳೆದವರು ಇಂದಿನವರಲ್ಲ. ಅದರ ಅಗಲವನ್ನು 1950ರ ದಶಕದಲ್ಲೇ ಅಮೆರಿಕದ ಎಂಜಿನಿಯರುಗಳು ನಿಶ್ಚಯಿಸಿಬಿಟ್ಟರು. ಅದರ ಉದ್ದವನ್ನು ಮಾತ್ರ ಆಯಾ ಕಾಲದ ವಿಮಾನ ಸಂಸ್ಥೆಗಳು ತಮ್ಮ ಲೆಕ್ಕಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಸುತ್ತ ಬಂದಿವೆ.

ಅಗಲದ ಕಥೆ ಹೀಗಿದೆ. ಬೋಯಿಂಗ್ ಸಂಸ್ಥೆ 1954ರ ಜುಲೈ 15ರಂದು ತನ್ನ ಮೊದಲ ಜೆಟ್ ಸಾಗಣೆ ವಿಮಾನದ ಮಾದರಿಯನ್ನು ಹಾರಿಸಿತು. ಅದರ ಒಡಲಿನ ಅಗಲ 132 ಇಂಚು. ಅಷ್ಟರಲ್ಲಿ ಸಾಲಿಗೆ ಐವರನ್ನು ಕೂರಿಸಬಹುದಿತ್ತು, ಅಷ್ಟೇ. ಎದುರಾಳಿ ಡಗ್ಲಾಸ್ ಸಂಸ್ಥೆ ತನ್ನ ಡಿಸಿ–8 ವಿಮಾನವನ್ನು 147 ಇಂಚಿಗೆ ಯೋಜಿಸಿತು. ಅದರಲ್ಲಿ ಸಾಲಿಗೆ ಆರು ಮಂದಿ ಸಲೀಸಾಗಿ ಕೂರಬಹುದು. 1955ರ ಅಕ್ಟೋಬರಿನಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆ ಡಗ್ಲಾಸ್‌ನಿಂದ 25, ಬೋಯಿಂಗ್‌ನಿಂದ 20 ವಿಮಾನ ಕೊಳ್ಳುವುದಾಗಿ ಸಾರಿತು. ಬೋಯಿಂಗ್‌ನವರಿಗೆ ಬಿಸಿ ತಟ್ಟಿತು. ದುಡ್ಡು ಸುರಿದು, ಅಚ್ಚುಗಳನ್ನು ಬದಲಿಸಿ, ತಮ್ಮ ವಿಮಾನವನ್ನು 148 ಇಂಚಿಗೆ ಅಗಲಿಸಿದರು, ಎದುರಾಳಿಗಿಂತ ಒಂದೇ ಒಂದು ಇಂಚು ಹೆಚ್ಚು. ಅದೇ ಬೋಯಿಂಗ್ 707.

ಗೋಡೆ, ತಗಡು, ಒಳಪದರ ಕಳೆದರೆ ಕೂರಲು ಸಿಗುವ ಒಳಗಿನ ಅಗಲ ಸುಮಾರು 139 ಇಂಚು. ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಒಂದು ಸೀಟಿಗೆ 17 ಇಂಚಿನಂತೆ ಆರು ಸೀಟಿಗೆ 102. ಮೂರರ ಸೀಟಿಗೆ ನಾಲ್ಕು ಕೈಯಾಸರೆ, ಎರಡು ಬದಿ ಸೇರಿ ಎಂಟು. ಒಂದೊಂದಕ್ಕೆ ಎರಡು ಇಂಚು ಹಿಡಿದರೆ 16. ಒಟ್ಟು 118. ಉಳಿದ ಇಪ್ಪತ್ತೊಂದು ಇಂಚಿನಲ್ಲಿ ನಡುದಾರಿ. ದೊಡ್ಡ ವಿಮಾನಗಳಲ್ಲಿ ನಡುದಾರಿ ನೆಲದಿಂದ 25 ಇಂಚು ಎತ್ತರದವರೆಗೆ ಕನಿಷ್ಠ 15 ಇಂಚು, ಅದರ ಮೇಲೆ ಕನಿಷ್ಠ 20 ಇಂಚು ಇರಲೇಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಎಲ್ಲವೂ ಸರಿಯಾಗಿ ಕೂತಿತು, ಉಳಿದದ್ದು ಬೆರಳು ತೂರಿಸುವಷ್ಟೇ ಜಾಗ. ಈ ಲೆಕ್ಕವನ್ನು ಶಾಪಿನಲ್ಲಿ ನನ್ನ ಮೇಸ್ತ್ರಿ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದ್ದ. ಇಂದಿಗೂ ನಾನು ಬಂದವರಿಗೆ ತೋರಿಸುವುದು ಹಾಗೆಯೇ.

ಏರ್ ಇಂಡಿಯಾ 1960ರಲ್ಲಿ 707 ತಂದಿತು. ಹಿಮಾಲಯದ ಶಿಖರಗಳ ಹೆಸರಿಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ಸೇವೆ ಶುರುವಾಯಿತು. ಮುಂದೆ ಮೊದಲ ದರ್ಜೆಯವರಿಗೆ ಎರಡು–ಎರಡು, ಹಿಂದೆ ಉಳಿದವರಿಗೆ ಮೂರು–ಮೂರು. ಇಲ್ಲಿ ಓದುಗರು ತುಸು ನಿಲ್ಲಬೇಕು. 1967ರಲ್ಲಿ ಮೊದಲು ಹಾರಿದ ಬೋಯಿಂಗ್ 737 ಕೂಡ 707ರ ಅದೇ ಅಗಲವನ್ನು ಎತ್ತಿಕೊಂಡಿತು. ಇಂಡಿಯನ್ ಏರ್‌ಲೈನ್ಸ್ ಎಪ್ಪತ್ತರ ದಶಕದ ಆರಂಭದಲ್ಲಿ ತಂದದ್ದು ಅದನ್ನೇ. ಇಂದು ಆಕಾಸ, ಸ್ಪೈಸ್‌ಜೆಟ್, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನವರು ಹಾರಿಸುವ ಹೊಚ್ಚಹೊಸ 737 ಮ್ಯಾಕ್ಸ್‌ನ ಅಗಲವೂ ಅದೇ. ಸಿಂದಗಿಯ ಹುಡುಗ ಇಂದು ದುಬೈಗೆ ಹೋಗುವಾಗ ಭುಜಕ್ಕೆ ಭುಜ ತಾಗಿಸಿ ಕೂರುವ ಹದಿನೇಳು ಇಂಚು, ಅವನ ತಾತನ ಕಾಲದಲ್ಲಿ ಬೋಯಿಂಗ್ ಗೀಟು ಹಾಕಿದ ಹದಿನೇಳು ಇಂಚೇ. ಹಳೆಯ ಕಾಲದ ಸೀಟು ಭಾರೀ ಅಗಲವಿತ್ತು ಎಂದು ಜನ ಹೇಳುವುದು ಮೊದಲ ದರ್ಜೆಯ ಮಟ್ಟಿಗೆ ನಿಜ, ಹಿಂದಿನ ಸಾಲುಗಳ ಮಟ್ಟಿಗೆ ಅಲ್ಲ.

ಅಗಲದಲ್ಲಿ ಒಂದು ಹೆಜ್ಜೆ ಮುಂದೆ ಹೋದದ್ದು ಏರ್‌ಬಸ್ ಎ320. 1988ರಲ್ಲಿ ಸೇವೆಗೆ ಬಂದ ಅದರ ಒಳ ಅಗಲ 737ಕ್ಕಿಂತ ಸುಮಾರು ಆರು ಇಂಚು ಹೆಚ್ಚು. ಆರು ಸೀಟಿಗೆ ಹಂಚಿದರೆ ತಲೆಗೊಂದು ಇಂಚು. ಭುಜ ಅಗಲವಿರುವವರಿಗೆ ಆ ಒಂದು ಇಂಚಿನ ಬೆಲೆ ಗೊತ್ತು.

ಒಂದೇ ನಡುದಾರಿಯಿರುವ ವಿಮಾನ ಎಷ್ಟೇ ಉದ್ದವಾದರೂ ಸಾಲಿಗೆ ಆರರ ಮೇಲೆ ಹೋಗುವುದಿಲ್ಲ. ದಾರಿಯ ಒಂದು ಬದಿಗೆ ಮೂರಕ್ಕಿಂತ ಹೆಚ್ಚು ಸೀಟು ಇಡುವಂತಿಲ್ಲ ಎಂಬ ನಿಯಮವೇ ಇದೆ. ಒಳಗಿನವನು ಹೊರಬರಲು ಇಬ್ಬರನ್ನು ದಾಟಬಹುದು, ಮೂವರನ್ನಲ್ಲ. ಸೀಟಿನ ಅಕ್ಷರಗಳೂ ಅಲ್ಲಿಂದಲೇ: ಎ, ಬಿ, ಸಿ ಒಂದು ಬದಿ, ಡಿ, ಇ, ಎಫ್ ಇನ್ನೊಂದು ಬದಿ. ಸಾಲಿಗೆ ಹತ್ತು ಸೀಟಿನ ದೊಡ್ಡ ವಿಮಾನದಲ್ಲಿ ಎಚ್ ಆದ ಮೇಲೆ ಐ ಬಿಟ್ಟು ಜೆ, ಕೆ ಬರುತ್ತದೆ, ಐ ಅಕ್ಷರವನ್ನು ಒಂದು ಎಂಬ ಅಂಕಿಯೆಂದು ಓದಿಕೊಳ್ಳಬಾರದಲ್ಲ.

ನಾನು ಶಾಪು ಸೇರಿದಾಗ ಮೊದಲು ಕೈಗೆ ಬಂದದ್ದು ಕ್ಯಾರವೆಲ್. ಫ್ರಾನ್ಸ್ ದೇಶದ ಜೆಟ್. ಇಂಡಿಯನ್ ಏರ್‌ಲೈನ್ಸ್ ಅದನ್ನು 1964ರಲ್ಲಿ ತಂದಿತ್ತು, ಅದು ಆ ಸಂಸ್ಥೆಯ ಮೊದಲ ಜೆಟ್. ಒಡಲು ಬೋಯಿಂಗ್‌ಗಿಂತ ಕಿರಿದು, ಸುಮಾರು ಹತ್ತೂವರೆ ಅಡಿ. ಹಾಗಾಗಿ ಸಾಲಿಗೆ ಐದೇ ಸೀಟು: ಒಂದು ಬದಿ ಮೂರು, ಇನ್ನೊಂದು ಬದಿ ಎರಡು. ನಮ್ಮ ಕೆಂಪು ಬಸ್ಸಿನ ಜೋಡಣೆಯೇ ಸರಿ. ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೇ ಹೊರಟರೆ ಎರಡರ ಸೀಟು ಹುಡುಕುವಂತೆ ಇಲ್ಲೂ ಬಲ್ಲವರು ಎರಡರ ಬದಿಯನ್ನೇ ಕೇಳುತ್ತಿದ್ದರು. ನಮ್ಮ ಮಾತಿನಲ್ಲಿ ಒಂದು ಬದಿಯದು ಡಬಲ್, ಇನ್ನೊಂದು ಬದಿಯದು ಟ್ರಿಪಲ್. ಟ್ರಿಪಲ್ ಹೊರುವುದಕ್ಕೆ ಇಬ್ಬರು ಬೇಕು, ನಡುದಾರಿಯಲ್ಲಿ ಅಡ್ಡಕ್ಕೆ ತಿರುಗಿಸುವುದಕ್ಕೆ ಜಾಣ್ಮೆ ಬೇಕು.

ಕ್ಯಾರವೆಲ್‌ನ ಕಿಟಕಿಗಳು ತ್ರಿಕೋನಾಕಾರ, ಮೂಲೆಗಳು ದುಂಡಗೆ. ಅಂಥ ಕಿಟಕಿಯನ್ನು ನಾನು ಬೇರೆ ಯಾವ ಪ್ರಯಾಣಿಕ ಜೆಟ್‌ನಲ್ಲೂ ನೋಡಿಲ್ಲ. ಮೇಲೆ ಕಿರಿದು, ಕೆಳಗೆ ಅಗಲ. ಸೀಟಿನಲ್ಲಿ ಕೂತವನು ನೋಡಬೇಕಾದದ್ದು ಕೆಳಗಿನ ನೆಲವನ್ನು ತಾನೆ? ಯೋಚಿಸಿ ಮಾಡಿದ ಕಿಟಕಿ ಅದು. ಮೂಲೆ ದುಂಡಗಿರಬೇಕು ಎನ್ನುವ ಪಾಠವನ್ನು ವಿಮಾನ ಕಟ್ಟುವವರು ಕಣ್ಣೀರಿನಲ್ಲಿ ಕಲಿತರು. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್‌ಗಳೆರಡು ಆಕಾಶದಲ್ಲೇ ಒಡೆದುಹೋದವು. ಒಳಗಿನ ಗಾಳಿಯ ಒತ್ತಡ ಏರಿ ಇಳಿದು ತಗಡು ದಣಿದು, ಒಡಲಿನಲ್ಲಿ ಕೊರೆದ ಕಿಂಡಿಗಳ ಮೂಲೆಯಿಂದ ಬಿರುಕು ಹಬ್ಬಿತ್ತು.

ಕ್ಯಾರವೆಲ್‌ನ ಎಂಜಿನ್ನುಗಳು ಬಾಲದ ಹತ್ತಿರ. ಮುಂದೆ ಕೂತವರಿಗೆ ಪಿಸುಮಾತೂ ಕೇಳಿಸುವಷ್ಟು ನೆಮ್ಮದಿ, ಕೊನೆಯ ಸಾಲುಗಳವರಿಗೆ ಭೋರ್ಗರೆತ. ಹತ್ತುವ ಮೆಟ್ಟಿಲೂ ಬಾಲದ ಕೆಳಗಿನಿಂದಲೇ ಇಳಿಯುತ್ತಿತ್ತು. ಕೊನೆಯ ಸಾಲಿನ ಸೀಟುಗಳು ಬೇಗ ಹಾಳಾಗುತ್ತಿದ್ದವು. ಹತ್ತುವವರು ಇಳಿಯುವವರೆಲ್ಲ ಅದರ ಬೆನ್ನು ಹಿಡಿದೇ ನಡೆಯುವುದು. ಜೊತೆಗೆ ಸಿಗರೇಟು. ಆಗ ಸೇದುವವರಿಗೆ ಹಿಂದಿನ ಸಾಲುಗಳು, ಪ್ರತಿ ಕೈಯಾಸರೆಯಲ್ಲಿ ಒಂದು ಪುಟ್ಟ ಬೂದಿಪೆಟ್ಟಿಗೆ. ಆ ಸಾಲುಗಳ ಕವರು ಬಿಚ್ಚಿದರೆ ಫೋಮಿನೊಳಗಿಂದಲೇ ಹೊಗೆಯ ವಾಸನೆ ಬರುತ್ತಿತ್ತು, ಎಷ್ಟು ಒಗೆದರೂ ಹೋಗದು. 1973ರ ಜುಲೈ 11ರಂದು ಪ್ಯಾರಿಸ್ ಬಳಿ ಬ್ರೆಜಿಲ್‌ನ ವರಿಗ್ ಸಂಸ್ಥೆಯ 707 ವಿಮಾನದ ಶೌಚಾಲಯದಲ್ಲಿ ಬೆಂಕಿ ಹತ್ತಿ 123 ಮಂದಿ ತೀರಿಕೊಂಡರು. ಕಸದಬುಟ್ಟಿಗೆ ಎಸೆದ ಸಿಗರೇಟಿನಿಂದ ಆಗಿರಬಹುದು ಎನ್ನಲಾಯಿತು. ಸೇದುವುದು ಪೂರ್ತಿ ನಿಂತ ಇಂದಿಗೂ ಶೌಚಾಲಯದ ಬಾಗಿಲಲ್ಲಿ ಬೂದಿಪೆಟ್ಟಿಗೆ ಇರುತ್ತದೆ, ನೋಡಿರಬಹುದು. ಕದ್ದು ಸೇದಿದವನು ಕೂಡ ಬೆಂಕಿಯನ್ನು ಕಾಗದದ ಬುಟ್ಟಿಗೆ ಎಸೆಯದಿರಲಿ ಎಂದು ನಿಯಮವೇ ಅದನ್ನು ಇರಿಸಿದೆ.

ಈಗ ಉದ್ದದ ವಿಚಾರ. ನನ್ನ ಇಡೀ ದುಡಿಮೆ ಇದರಲ್ಲೇ ಕಳೆಯಿತು, ಹಾಗಾಗಿ ಸಾವಧಾನವಾಗಿ ಹೇಳುತ್ತೇನೆ.

ವಿಮಾನದ ನೆಲದಲ್ಲಿ ಮುಂದಿನಿಂದ ಹಿಂದಿನ ತನಕ ಹಳಿಗಳಿವೆ. ಪ್ರಯಾಣಿಕರ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಪ್ಲಾಸ್ಟಿಕ್ ಪಟ್ಟಿ, ಅದರ ಪಕ್ಕ ಕಾರ್ಪೆಟ್ ಇರುತ್ತದೆ. ಹಳಿಯ ತುಂಬ ಇಂಚಿಗೊಂದು ದುಂಡು ರಂಧ್ರ. ಸೀಟಿನ ಕಾಲಿನ ಗುಂಡಿಗಳನ್ನು ಆ ರಂಧ್ರದಲ್ಲಿ ಇಳಿಸಿ, ಅರ್ಧ ಇಂಚು ಜಾರಿಸಿದರೆ ಗುಂಡಿ ಎರಡು ರಂಧ್ರಗಳ ನಡುವಿನ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಮೇಲಿಂದ ಬೀಗದ ಮೊಳೆ ಬಿಗಿದರೆ ಮುಗಿಯಿತು, ಸೀಟು ಅಲುಗದು. ಬಿಚ್ಚುವಾಗ ಇದೇ ಕೆಲಸ ಉಲ್ಟಾ. ಅಂದರೆ ಯಾವ ಸಾಲನ್ನಾದರೂ ಇಂಚಿಂಚು ಹಿಂದೆ ಮುಂದೆ ಸರಿಸಬಹುದು. ಒಂದು ಸೀಟಿನ ಒಂದು ಗುರುತಿನಿಂದ ಅದರ ಮುಂದಿನ ಸೀಟಿನ ಅದೇ ಗುರುತಿಗೆ ಇರುವ ಅಂತರವನ್ನು ಪಿಚ್ ಅನ್ನುತ್ತೇವೆ. ರಾತ್ರಿ ಪಾಳಿಯಲ್ಲಿ ಮೇಲಿಂದ ಹೊಸ ನಕ್ಷೆ ಬಂದರೆ ಬೆಳಗಾಗುವುದರೊಳಗೆ ವಿಮಾನದ ಒಳಗೇ ಬೇರೆಯಾಗುತ್ತಿತ್ತು, ಹೊರಗಿನಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಲೆಕ್ಕ ಮಾಡಿ ನೋಡಿ. ಮೂವತ್ತೆರಡು ಇಂಚಿನ ಪಿಚ್‌ನಲ್ಲಿ ಮೂವತ್ತು ಸಾಲು ಇದ್ದರೆ ಬೇಕಾದ ಉದ್ದ 960 ಇಂಚು. ಪ್ರತಿ ಸಾಲಿನಿಂದ ಎರಡೇ ಇಂಚು ಕಡಿಮೆ ಮಾಡಿ. ಅದೇ 960 ಇಂಚಿನಲ್ಲಿ ಮೂವತ್ತೆರಡು ಸಾಲು ಕೂರುತ್ತದೆ. ಹೆಚ್ಚು ಬಂದ ಎರಡು ಸಾಲಿಗೆ ಹನ್ನೆರಡು ಟಿಕೆಟು, ಪ್ರತಿ ಹಾರಾಟಕ್ಕೂ. ಎಪ್ಪತ್ತರ ದಶಕದಲ್ಲಿ 34, 35 ಇಂಚು ಮಾಮೂಲಿನ ಪಿಚ್ ಆಗಿತ್ತು. ಇಂದು ಅಗ್ಗದ ವಿಮಾನಗಳಲ್ಲಿ 28, 29ರ ಸುತ್ತ. ಬೆನ್ನಿನ ಫೋಮು ತೆಳುವಾದದ್ದರಿಂದ ಕಳೆದದ್ದರಲ್ಲಿ ಸ್ವಲ್ಪ ಮೊಣಕಾಲಿಗೆ ಮರಳಿ ಸಿಕ್ಕಿದೆ, ಆದರೆ ಆ ಫೋಮು ಹೋದದ್ದು ಸೊಂಟದ ಲೆಕ್ಕದಿಂದ. ಮೂರು ತಾಸು ಕೂತವರಿಗೆ ಅದು ತಿಳಿಯುತ್ತದೆ.

ಕಿಟಕಿಗೂ ಇದಕ್ಕೂ ನಂಟಿದೆ. ಬೋಯಿಂಗ್ 737ರ ಕಿಟಕಿಗಳು ಇಪ್ಪತ್ತು ಇಂಚಿಗೊಂದರಂತೆ ಇವೆ, ಒಡಲಿನ ಪಕ್ಕೆಲುಬುಗಳ ಅಂತರ ಅಷ್ಟು. ಸಾಲುಗಳೋ ಸಂಸ್ಥೆಯ ಇಷ್ಟದಂತೆ ಸರಿಯುತ್ತವೆ. ಹಾಗಾಗಿ ಕಿಟಕಿಯ ಸೀಟಿಗೆ ದುಡ್ಡು ಕೊಟ್ಟವರ ಪಕ್ಕದಲ್ಲಿ ಬರೀ ಗೋಡೆ ಬರುವುದುಂಟು. 737ರಲ್ಲಿ ರೆಕ್ಕೆಗಿಂತ ತುಸು ಮುಂದೆ, ಗೋಡೆಯೊಳಗೆ ತಂಪುಗಾಳಿಯ ಕೊಳವೆ ಏರುವ ಕಡೆ ಕಿಟಕಿಯೇ ಇಲ್ಲ. ಮೊದಲ ಸಲ ಹೋಗುವ ಮಕ್ಕಳಿದ್ದರೆ ಆ ಜಾಗ ತಪ್ಪಿಸಿ.

ದೊಡ್ಡ ವಿಮಾನಗಳ ಮಾತು ಬಂದರೆ ನನ್ನ ಕಣ್ಣ ಮುಂದೆ ಬರುವುದು ಏರ್ ಇಂಡಿಯಾದ ಜಂಬೊ, ಅಂದರೆ ಬೋಯಿಂಗ್ 747. ಮೊದಲನೆಯದು 1971ರಲ್ಲಿ ಬಂತು, ಹೆಸರು ಸಾಮ್ರಾಟ ಅಶೋಕ. ಮುಂದೆ ಬಂದವಕ್ಕೂ ದೊರೆಗಳ ಹೆಸರೇ: ಶಾಹಜಹಾನ್, ರಾಜೇಂದ್ರ ಚೋಳ, ಕನಿಷ್ಕ, ಹರ್ಷವರ್ಧನ. ಅವುಗಳಲ್ಲಿ ಒಂದು ಕೃಷ್ಣದೇವರಾಯ. ಆ ಹೆಸರಿನ ಜಂಬೊ ಹ್ಯಾಂಗರಿನ ಮುಂದೆ ನಿಂತ ದಿನ ನಾನು ಊಟದ ಹೊತ್ತಿನಲ್ಲಿ ನಡೆದುಹೋಗಿ ನೋಡಿ ಬರುತ್ತಿದ್ದೆ. ವಿಜಯಪುರದ ಆದಿಲಶಾಹಿಗಳೊಂದಿಗೆ ರಾಯಚೂರಿಗಾಗಿ ಕಾದಾಡಿದ ದೊರೆ ಅವನು. ಅವನ ನಂತರ, 1565ರಲ್ಲಿ, ವಿಜಯನಗರ ಸೋತ ಯುದ್ಧದ ಜೊತೆ ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿಗಳ ಹೆಸರು ಸೇರಿಕೊಂಡಿದೆ. ಅದೇ ವಿಜಯಪುರ ಜಿಲ್ಲೆಯಲ್ಲಿ ಬೆಳೆದವನಿಗೆ ಕನ್ನಡದ ದೊರೆಯ ಹೆಸರು ಹೊತ್ತ ಆ ಬಿಳಿ ವಿಮಾನವನ್ನು ಮುಂಬಯಿಯಲ್ಲಿ ನೋಡುವುದು ಸಣ್ಣ ಸಂಗತಿಯಾಗಿರಲಿಲ್ಲ.

ಜಂಬೊದ ಕಿಟಕಿಗಳ ಸುತ್ತ ಹೊರಗೆ ರಾಜಸ್ಥಾನದ ಝರೋಖಾದ ಕಮಾನು ಬರೆದಿದ್ದರು. ಒಳಗಿನ ಅಗಲ ಇಪ್ಪತ್ತು ಅಡಿ, ನಡುದಾರಿಗಳು ಎರಡು. ಮೂಗಿನಲ್ಲಿ ಮೊದಲ ದರ್ಜೆ. ಅಲ್ಲಿಂದ ಸುರುಳಿ ಮೆಟ್ಟಿಲು ಹತ್ತಿದರೆ ಮೇಲೊಂದು ಪಡಸಾಲೆ. ಮೊದಲ ದರ್ಜೆಯವರು ಕಾಲು ಚಾಚಿ ಹರಟೆ ಹೊಡೆಯಲು. ಟಿಕೆಟು ಮಾರದ ಜಾಗವನ್ನು ವಿಮಾನದಲ್ಲಿ ಇಡುವ ಧಾರಾಳತನ ಆ ಕಾಲದ್ದು. ಅಮೆರಿಕನ್ ಏರ್‌ಲೈನ್ಸ್‌ನವರು ತಮ್ಮ ಜಂಬೊದ ಹಿಂಭಾಗದಲ್ಲಿ, ಸಾಮಾನ್ಯ ದರ್ಜೆಯವರ ಪಡಸಾಲೆಯಲ್ಲಿ ಪಿಯಾನೊ ಕೂಡ ಇಟ್ಟಿದ್ದರು. ಅದಕ್ಕೆ ಕಾರಣ ಬರೀ ಧಾರಾಳತನವಲ್ಲ. ವಿಮಾನ ಅಷ್ಟು ದೊಡ್ಡದು, ತುಂಬುವಷ್ಟು ಜನವಿರಲಿಲ್ಲ. 1973ರಲ್ಲಿ ಎಣ್ಣೆಯ ಬೆಲೆ ಏರಿದ್ದೇ ಪಡಸಾಲೆಗಳು ಒಂದೊಂದಾಗಿ ಹೋದವು, ಆ ಜಾಗಕ್ಕೆ ಸೀಟು ಬಂದವು. ಜಂಬೊ ಶುರುವಾದಾಗ ಹಿಂದಿನ ದರ್ಜೆಯಲ್ಲಿ ಸಾಲಿಗೆ ಒಂಬತ್ತು ಸೀಟು: ಮೂರು, ನಾಲ್ಕು, ಎರಡು. ಮುಂದೆ ಅದು ಮೂರು, ನಾಲ್ಕು, ಮೂರಾಗಿ ಹತ್ತಾಯಿತು. ಒಂದೇ ದಾರಿಯ ವಿಮಾನಗಳಲ್ಲಿ ಅಗಲ ಉಳಿಯಿತು, ಉದ್ದ ಕರಗಿತು. ಎರಡು ದಾರಿಯ ವಿಮಾನಗಳಲ್ಲಿ ಎರಡೂ ಕರಗಿದವು. ತಲೆಯ ಮೇಲೆ ಮುಚ್ಚಳವಿರುವ ಸಾಮಾನಿನ ಗೂಡು ಬಂದದ್ದು ಮಾತ್ರ ಜಂಬೊದಿಂದ ಆದ ಒಳ್ಳೆಯದು. 707ರಲ್ಲಿ ಇದ್ದದ್ದು ಟೋಪಿ, ಕೋಟು ಇಡುವ ತೆರೆದ ಹಲಗೆ.

ನನ್ನನ್ನು ಕೇಳಿದರೆ ಮನುಷ್ಯರಿಗೆ ಹೇಳಿ ಮಾಡಿಸಿದ ಜೋಡಣೆ ಏರ್‌ಬಸ್ ಎ300ರದ್ದು. ಇಂಡಿಯನ್ ಏರ್‌ಲೈನ್ಸ್ ಅದನ್ನು 1976ರಲ್ಲಿ ತಂದಿತು. ಸಾಲಿಗೆ ಎಂಟು ಸೀಟು: ಎರಡು, ನಾಲ್ಕು, ಎರಡು. ಎಂಟರಲ್ಲಿ ನಾಲ್ವರು ದಾರಿಯ ಪಕ್ಕದಲ್ಲೇ. ಉಳಿದ ನಾಲ್ವರು ಎದ್ದು ಬರಲು ಒಬ್ಬರನ್ನಷ್ಟೇ ಎಬ್ಬಿಸಬೇಕು. ಇಬ್ಬರನ್ನು ದಾಟುವ ಗತಿ ಯಾರಿಗೂ ಇಲ್ಲ. ಮೂರು–ಮೂರರ ವಿಮಾನದಲ್ಲಿ ಕಿಟಕಿಯ ಪಕ್ಕ ಕೂತ ವಯಸ್ಸಾದ ತಾಯಿ ಇಬ್ಬರು ಅಪರಿಚಿತರನ್ನು ಎಬ್ಬಿಸಲು ಸಂಕೋಚಪಟ್ಟು ನೀರನ್ನೇ ಕುಡಿಯದೆ ಬಂದದ್ದನ್ನು ಕೇಳಿದ್ದೇನೆ. ಎ300ರ ಅಗಲ ನಿರ್ಧಾರವಾದದ್ದು ಪ್ರಯಾಣಿಕರ ಮೇಲಿನ ಮಮತೆಯಿಂದಷ್ಟೇ ಅಲ್ಲ, ನೆಲದ ಕೆಳಗೆ ಸರಕಿನ ಎರಡು ದೊಡ್ಡ ಪೆಟ್ಟಿಗೆ ಅಕ್ಕಪಕ್ಕ ಕೂರಬೇಕೆಂಬ ಲೆಕ್ಕವೂ ಇತ್ತು. ಸರಕಿಗೆ ಸರಿಹೋದದ್ದು ಜನರಿಗೂ ಸರಿಹೋಯಿತು.

ಇಷ್ಟೆಲ್ಲ ಇಂಚು ಕಡಿಮೆ ಮಾಡುತ್ತ ಹೋದರೆ ಕೊನೆಗೆ ತಡೆಯುವವರು ಯಾರು? ಬಾಗಿಲುಗಳು. ಹೊಸ ವಿಮಾನ ಒಪ್ಪಿಗೆ ಪಡೆಯಬೇಕಾದರೆ, ಅರ್ಧದಷ್ಟು ಬಾಗಿಲು ಮುಚ್ಚಿಟ್ಟು, ತುಂಬಿದ ವಿಮಾನ 90 ಸೆಕೆಂಡಿನಲ್ಲಿ ಖಾಲಿಯಾಗುತ್ತದೆಂದು ತೋರಿಸಬೇಕು. ಸೀಟಿನ ಗರಿಷ್ಠ ಸಂಖ್ಯೆ ಅಲ್ಲಿ ನಿಲ್ಲುತ್ತದೆ. 1985ರ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಒಂದು 737 ನೆಲ ಬಿಡುವ ಮೊದಲೇ ಎಂಜಿನ್ನಿಗೆ ಬೆಂಕಿ ಬಿತ್ತು. 55 ಮಂದಿ ಸತ್ತರು, ಬಹುಪಾಲು ಹೊಗೆಯಿಂದ. ರೆಕ್ಕೆಯ ಮೇಲಿನ ತುರ್ತು ಬಾಗಿಲಿಗೆ ತಲುಪುವ ಸಾಲುಗಳ ನಡುವಿನ ಸಂದು ಇಕ್ಕಟ್ಟಾಗಿತ್ತು. ಅದಾದ ಮೇಲೆ ಆ ಬಾಗಿಲಿನ ಬಳಿ ಜಾಗ ಬಿಡುವುದು ಕಡ್ಡಾಯವಾಯಿತು. ಇಂದು ಹೆಚ್ಚು ದುಡ್ಡು ತೆಗೆದುಕೊಂಡು ಮಾರುವ ಕಾಲು ಚಾಚುವ ಸಾಲು ಇದೆಯಲ್ಲ, ಆ ಜಾಗ ಹುಟ್ಟಿದ್ದು ಜೀವ ಉಳಿಸಲು. ಬ್ರಿಟನ್ 1989ರಲ್ಲಿ ಇನ್ನೊಂದು ನಿಯಮ ತಂದಿತು: ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಹಿಂಬದಿಗೆ ಕನಿಷ್ಠ 26 ಇಂಚು ಇರಲೇಬೇಕು.

ಸೀಟಿನೊಳಗೂ ಬದಲಾವಣೆ ಬಂತು. 1984ರಲ್ಲಿ ಅಮೆರಿಕ ತಂದ ನಿಯಮದಿಂದ ಫೋಮಿನ ಸುತ್ತ ಬೆಂಕಿ ತಡೆಯುವ ಪದರ ಬಂತು. ಮೊದಲು ಕವರು ಬಿಚ್ಚಿದರೆ ನೇರ ಫೋಮು. ಆಮೇಲೆ ನಡುವೆ ಒಂದು ಒರಟು ಬಟ್ಟೆ, ಹೊಲಿಯುವವನ ಬೆರಳು ಕೊರೆಯುವಂಥದ್ದು. ಬೆರಳು ಕೊರೆದರೂ ನಾನು ಅದನ್ನು ಪ್ರೀತಿಯಿಂದ ಹೊಲಿದೆ. 1988ರಲ್ಲಿ ಹೊಸ ಮಾದರಿಯ ವಿಮಾನಗಳಿಗೆ ಸೀಟು ತನ್ನ ತೂಕದ ಹದಿನಾರು ಪಟ್ಟು ಹೊಡೆತ ತಾಳಬೇಕೆಂದರು, ಅದಕ್ಕೆ ಮೊದಲು ಇದ್ದದ್ದು ಒಂಬತ್ತು ಪಟ್ಟು. ಹಳೆಯ ಕ್ಯಾರವೆಲ್ ಸೀಟು ಮೆತ್ತಗಿತ್ತು, ಕಾಲಿಗೆ ಜಾಗವೂ ಇತ್ತು. ಆದರೂ ನನ್ನ ಮೊಮ್ಮಗಳನ್ನು ಕೂರಿಸಬೇಕಾದರೆ ಇಂದಿನ ತೆಳು ಸೀಟಿನಲ್ಲೇ ಕೂರಿಸುತ್ತೇನೆ.

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಹುಬ್ಬಳ್ಳಿಗೆ ಎರಡು–ಎರಡರ ಎಟಿಆರ್ ವಿಮಾನ ಬಂತು. ಮರುವರ್ಷ ಅವರು ತಂದ ಎ320ಯಲ್ಲಿ ಪರದೆಯಿಲ್ಲ, ಮೊದಲ ದರ್ಜೆಯಿಲ್ಲ, ಮೂವತ್ತು ಸಾಲು, ಸಾಲಿಗೆ ಆರು, ಒಟ್ಟು 180. ಆಗ ಮುಂಬಯಿಯ ನಮ್ಮ ಶಾಪಿನಲ್ಲಿ ಹಿರಿಯರು ಬೇಸರಪಟ್ಟರು. ನನಗೆ ಬೇಸರವಾಗಲಿಲ್ಲ. ಕ್ಯಾರವೆಲ್‌ನ ಡಬಲ್ ಸೀಟನ್ನು ವರ್ಷಗಟ್ಟಲೆ ಹೊಲಿದವನು ನಾನು, ಆದರೆ ಅದರಲ್ಲಿ ನಮ್ಮ ಸೀಮೆಯ ಒಬ್ಬ ಒಕ್ಕಲಿಗ, ಒಬ್ಬ ನಿಂಬೆ ವ್ಯಾಪಾರಿ, ಒಬ್ಬ ಗೌಂಡಿ ಕೂತದ್ದನ್ನು ನಾನು ಕಂಡಿಲ್ಲ. ಸಾಲು ಹತ್ತಿರ ಬಂದದ್ದರಿಂದಲೇ ಟಿಕೆಟು ಕೈಗೆ ಎಟುಕಿತು. ಇಂಡಿಗೊ ತನ್ನ ಎ320ಗಳಲ್ಲಿ 186 ಸೀಟು ಮಾಡಿದಾಗಲೂ ನಾನು ಹೀಗೇ ಯೋಚಿಸಿದೆ. ಆದರೆ ಎಲ್ಲಿಗೋ ಒಂದು ಕಡೆ ಗೀಟು ಬೇಕು. ಅಮೆರಿಕದ ಸಂಸತ್ತು 2018ರಲ್ಲಿ ಸೀಟಿನ ಕನಿಷ್ಠ ಅಳತೆ ಗೊತ್ತುಮಾಡಿರೆಂದು ತನ್ನ ವಿಮಾನಯಾನ ಇಲಾಖೆಗೆ ಹೇಳಿತು. 2022ರಲ್ಲಿ ಇಲಾಖೆ ಜನರ ಅಭಿಪ್ರಾಯ ಕೇಳಿತು. ನಮ್ಮಲ್ಲೂ ಅಂಥ ಗೀಟನ್ನು ಬಾಗಿಲಿನಿಂದ ಅಳೆದು ಎಳೆಯಬೇಕು, ಮೊಣಕಾಲಿನ ನೋವಿನಿಂದಷ್ಟೇ ಅಲ್ಲ. ಹೊಗೆ ತುಂಬಿದಾಗ ಬಾಗೇವಾಡಿಯ ಎಪ್ಪತ್ತು ದಾಟಿದ ತಾಯಿ ಎದ್ದು ಸಾಲಿನಿಂದ ಹೊರಬರಲು ಎಷ್ಟು ಇಂಚು ಬೇಕೋ ಅಷ್ಟು.

ಹಾಗಾದರೆ ಯಾವ ಸೀಟು? ಮೊದಲು ಟಿಕೆಟಿನಲ್ಲಿ ವಿಮಾನದ ಹೆಸರು ನೋಡಿ ಅನ್ನುತ್ತೇನೆ. ಎ320 ಇದ್ದರೆ ಮೂವರೂ ತುಸು ಆರಾಮ. 737 ಇದ್ದರೆ ನಡುವಿನ ಸೀಟು ಬಿಟ್ಟುಬಿಡಿ. ವಯಸ್ಸಾದವರಿಗೆ ದಾರಿಯ ಪಕ್ಕ. ಅವರ ಜೊತೆ ಹೋಗುವವರು ಒಳಗೆ ಕೂರಲಿ. ತುರ್ತು ಬಾಗಿಲಿನ ಸಾಲು ಗಟ್ಟಿ ಆಳಿಗೆ, ಬಾಗಿಲು ಎತ್ತಿ ತೆರೆಯುವ ಹೊಣೆ ಅವನದು. ಕೂತ ಕೂಡಲೆ ಹತ್ತಿರದ ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸಿ ನೆನಪಿಟ್ಟುಕೊಳ್ಳಿ. ಕತ್ತಲಲ್ಲಿ ಕೈ ಸವರಿಕೊಂಡು ಹೋಗುವಾಗ ಸೀಟಿನ ಬೆನ್ನುಗಳೇ ಲೆಕ್ಕ ಹೇಳುತ್ತವೆ.

ವಿಜಯಪುರದ ಹತ್ತಿರ ಬುರಣಾಪುರ, ಮದಬಾವಿಯ ಬಯಲಲ್ಲಿ ನಿಲ್ದಾಣದ ಕೆಲಸ ನಡೆದಿದೆ. ಮೊದಲು ಎಟಿಆರ್ 72 ಇಳಿಯುವಷ್ಟು ಎಂದು ಶುರುವಾದ ಯೋಜನೆಯನ್ನು ಆಮೇಲೆ ಎ320 ಇಳಿಯುವಂತೆ ಹಿಗ್ಗಿಸಿದರು. ಎ320 ಬಂದರೆ ಮೂರು–ಮೂರು. ಎಟಿಆರ್ ಬಂದರೆ ಎರಡು–ಎರಡು, ನಡುವಿನ ಸೀಟೇ ಇಲ್ಲ. ಹತ್ತುವ ಬಾಗಿಲು ಹಿಂದೆ, ಹಾಗಾಗಿ ಹಿಂದಿನ ಸಾಲಿನವರು ಮೊದಲು ಇಳಿಯುತ್ತಾರೆ. ರೆಕ್ಕೆ ಕಿಟಕಿಗಳ ಮೇಲಿರುವುದರಿಂದ ಕೆಳಗಿನ ನೆಲ ಬಹುತೇಕ ಸಾಲುಗಳಿಂದ ಕಾಣುತ್ತದೆ. ನಕ್ಷೆಯ ಮೇಲೆ ವಿಜಯಪುರದಿಂದ ಬೆಂಗಳೂರಿಗೆ ನೇರ ಗೆರೆ ಎಳೆದು ನೋಡಿದ್ದೇನೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ನೋಡಬೇಕೆನ್ನುವವರು ಎಡಗಡೆ ಕಿಟಕಿ ಕೇಳಿ, ಆಲಮಟ್ಟಿಯ ಹಿನ್ನೀರು ನೋಡಬೇಕೆನ್ನುವವರು ಬಲಗಡೆ.